ಹನಿಯನ್ನು ಹಿಡಿಯಿರಿ, ಲೆಕ್ಕವನ್ನೂ ಇಡಿ

ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಬಲ್ಲವರು ಬಹಳ. ಹನಿ ಸೋರಿದರೆ ಎಷ್ಟು ಹಳ್ಳ ಬರಿದಾದೀತೆಂದು ಎಣಿಸಿ ನೋಡಿದವರು ಕಡಿಮೆ. ಬಚ್ಚಲುಮನೆಯ ನಲ್ಲಿ, ಅಡುಗೆಮನೆಯ ಫಿಲ್ಟರ್, ಹಿತ್ತಲಿನ ಡ್ರಮ್ಮು - ಇವುಗಳಲ್ಲಿ ಒಂದಾದರೂ ತೊಟ್ಟಿಕ್ಕದ ಮನೆ ಅಪರೂಪ. ನಾವು ಇನ್ನಷ್ಟು ಬಿಗಿಯಾಗಿ ತಿರುಗಿಸಿ ನೋಡುತ್ತೇವೆ. ನಿಲ್ಲದಿದ್ದರೆ ಕೆಳಗೊಂದು ಬಕೆಟ್ ಇಟ್ಟು ಮರೆತುಬಿಡುತ್ತೇವೆ. ಆ ಮರೆವೇ ಅಪಾಯಕಾರಿ. ಅದೇಕೆಂದು ಮುಂದೆ ನೋಡೋಣ. ಮೊದಲು ಹನಿಯ ಪರಿಚಯ ಮಾಡಿಕೊಳ್ಳೋಣ.

ಹನಿ ಹೇಗೆ ಬೀಳುತ್ತದೆ?

ನಲ್ಲಿಯ ತುದಿಗೆ ಇಳಿದ ನೀರು ಕೂಡಲೇ ಬೀಳುವುದಿಲ್ಲ. ನೀರಿನ ಕಣಗಳು ಒಂದನ್ನೊಂದು ಸೆಳೆದುಕೊಂಡಿರುವುದರಿಂದ ಅದರ ಮೇಲ್ಮೈ ಎಳೆದು ಕಟ್ಟಿದ ಪೊರೆಯಂತೆ ವರ್ತಿಸುತ್ತದೆ. ಇದೇ ಮೇಲ್ಮೈ ಎಳೆತ. ಹನಿ ಊದಿಕೊಳ್ಳುತ್ತಾ ಹೋಗಿ, ಅದರ ತೂಕ ಈ ಎಳೆತವನ್ನು ಮೀರಿದಾಗ ಕಳಚಿ ಬೀಳುತ್ತದೆ. ಕೊಳವೆಯ ಬಾಯಿ ಅಗಲವಾದಷ್ಟೂ ಹನಿಯ ತೂಕ ಹೆಚ್ಚುತ್ತದೆ ಎಂಬುದನ್ನು ಥಾಮಸ್ ಟೇಟ್ ಎಂಬುವರು 1864ರಲ್ಲಿ ತೋರಿಸಿಕೊಟ್ಟರು. ಔಷಧದ ಡ್ರಾಪರಿನ ಹನಿಗಿಂತ ನಲ್ಲಿಯ ಹನಿ ಸಾಮಾನ್ಯವಾಗಿ ದಪ್ಪಗಿರುವುದು ಇದರಿಂದಲೇ.

ನಲ್ಲಿ ಮುಚ್ಚಿದ ಮೇಲೆ ಬೀಳುವ ಹನಿಗಳಲ್ಲಿ ಎರಡು ಬಗೆ. ಮೂತಿಯೊಳಗೆ ಉಳಿದ ನೀರು ಸ್ವಲ್ಪ ಹೊತ್ತು ತೊಟ್ಟಿಕ್ಕಿ ತಾನೇ ನಿಲ್ಲುತ್ತದೆ. ಇದು ದೋಷವಲ್ಲ. ಎರಡನೆಯದು ನಿಜವಾದ ಸೋರಿಕೆ. ನಲ್ಲಿಯ ತುದಿಯನ್ನು ಬಟ್ಟೆಯಿಂದ ಒರೆಸಿ ಹದಿನೈದು ನಿಮಿಷ ಬಿಟ್ಟು ನೋಡಿ. ಆಗಲೂ ಹನಿ ಬೀಳುತ್ತಿದ್ದರೆ ಅದು ಸೋರಿಕೆಯೇ.

ಮೂರು ಅಗ್ಗದ ಸಾಧನಗಳು

ಕರಟದ ಬಟ್ಟಲು: ಕುಡಿಯುವ ನೀರಿನ ಫಿಲ್ಟರಿನಿಂದ ಕೊನೆಗೆ ಉದುರುವ ನಾಲ್ಕು ಹನಿಗಳಿಗೆ ಇದು ಸಾಕು. ಒಡೆದ ತೆಂಗಿನಕಾಯಿಯ ಕಣ್ಣಿಲ್ಲದ ಹೋಳನ್ನೇ ಆರಿಸಿ, ನಾರು ಹೆರೆದು ತೆಗೆಯಿರಿ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸಿಂಬಿಯಂತೆ ಸುತ್ತಿ ಅದರ ಮೇಲೆ ಕೂರಿಸಿದರೆ ಕರಟ ಉರುಳದು. ಒಳಗೆ ಸಣ್ಣ ಸ್ಪಂಜಿನ ತುಂಡು ಇಟ್ಟರೆ ನೀರು ಸಿಡಿಯದು. ಸ್ಪಂಜನ್ನು ದಿನವೂ ಹಿಂಡಿ ಒಣಗಿಸಬೇಕು.

ಬಾಟಲಿಯ ಆಲಿಕೆ: ಒಂದು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಮೂರನೆಯ ಒಂದು ಭಾಗವನ್ನು ಕತ್ತರಿಸಿ. ಮುಚ್ಚಳ ತೆಗೆದು, ಅದನ್ನು ತಲೆಕೆಳಗಾಗಿ ಕೆಳಭಾಗದೊಳಗೆ ಕೂರಿಸಿದರೆ ಆಲಿಕೆಯಾಯಿತು. ಬಾಯಿಗೆ ಹಳೆಯ ಸೊಳ್ಳೆಪರದೆಯ ತುಂಡು ಬಿಗಿದು ರಬ್ಬರ್ ಬ್ಯಾಂಡ್ ಹಾಕಿ. ಕತ್ತರಿಸುವ ಕೆಲಸ ಹಿರಿಯರದ್ದಾಗಿರಲಿ.

ದಾರದ ದಾರಿ: ಹತ್ತಿಯ ದಪ್ಪ ದಾರವನ್ನು ನೆನೆಸಿ ನಲ್ಲಿಯ ಮೂತಿಗೆ ಕಟ್ಟಿ, ಇನ್ನೊಂದು ತುದಿಯನ್ನು ಬಾಟಲಿಯೊಳಗೆ ಇಳಿಬಿಡಿ. ನೀರು ಹನಿಯಾಗಿ ಬೀಳುವ ಬದಲು ದಾರಕ್ಕೆ ಅಂಟಿಕೊಂಡು ಸದ್ದಿಲ್ಲದೆ ಇಳಿಯುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿಗೆ ರಾತ್ರಿಯ 'ಟಪ್ ಟಪ್' ಕಾಟ ತಪ್ಪುತ್ತದೆ.

ಈಗ ಲೆಕ್ಕ

ವಿದ್ಯಾರ್ಥಿಗಳಿಗೆ ಇಲ್ಲೊಂದು ಒಳ್ಳೆಯ ಪ್ರಯೋಗವಿದೆ. ದಾರ ಬಿಚ್ಚಿ, ಕೆಮ್ಮಿನ ಔಷಧದ ಜೊತೆ ಬರುವ ಅಳತೆಯ ಮುಚ್ಚಳವನ್ನು ನಲ್ಲಿಯ ಕೆಳಗೆ ಹಿಡಿಯಿರಿ. 5 ಮಿಲಿಲೀಟರ್ ತುಂಬಲು ಎಷ್ಟು ಹನಿ, ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದುಕೊಳ್ಳಿ.

ಇಪ್ಪತ್ತು ಸಣ್ಣ ಹನಿಗಳಿಗೆ ಒಂದು ಮಿಲಿಲೀಟರ್ ಎಂದೇ ಹಿಡಿಯೋಣ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ, ಅಂದರೆ 4.32 ಲೀಟರ್. ವರ್ಷಕ್ಕೆ ಸುಮಾರು 1,577 ಲೀಟರ್. ಸಾವಿರ ಲೀಟರಿನ ಟ್ಯಾಂಕನ್ನು ಒಂದೂವರೆ ಬಾರಿ ತುಂಬಿಸಬಲ್ಲ ನೀರು ಅದು! ನಲ್ಲಿಯ ಹನಿ ಇದಕ್ಕಿಂತ ದಪ್ಪವಾದ್ದರಿಂದ ನಿಮ್ಮ ಮನೆಯ ಲೆಕ್ಕ ಇನ್ನೂ ಹೆಚ್ಚಾಗಬಹುದು.

ನೀರಿನೊಡನೆ ವಿದ್ಯುತ್ತೂ ಸೋರುತ್ತದೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ಅದನ್ನು ಸುಮಾರು 500 ಮೀಟರ್ ಮೇಲೆತ್ತಬೇಕು. ಒಂದು ಲೀಟರ್ ಎಂದರೆ ಒಂದು ಕಿಲೋಗ್ರಾಂ. ಅದನ್ನು ಅಷ್ಟು ಎತ್ತರಕ್ಕೆ ಒಯ್ಯಲು ಕನಿಷ್ಠ 1 × 9.8 × 500 = 4,900 ಜೌಲ್ ಶಕ್ತಿ ಬೇಕು. 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಒಂಬತ್ತು ನಿಮಿಷ ಉರಿಸುವಷ್ಟು ಶಕ್ತಿ ಇದು. ನಮ್ಮ ನಲ್ಲಿಯ ದಿನದ ಸೋರಿಕೆಗೆ ಅದೇ ಬಲ್ಬು 39 ನಿಮಿಷ ಉರಿದೀತು. ಪಂಪು, ಕೊಳವೆಗಳಲ್ಲಾಗುವ ನಷ್ಟವನ್ನು ಇದರಲ್ಲಿ ಸೇರಿಸಿಲ್ಲ.

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ಏರೇಟರ್ ತೆರೆದ ನಲ್ಲಿಯ ಹರಿವನ್ನು ಕಡಿಮೆ ಮಾಡುತ್ತದೆ, ನಿಜ. ಆದರೆ ಮುಚ್ಚಿದ ನಲ್ಲಿಯ ಸೋರಿಕೆಯನ್ನು ಅದು ತಡೆಯಲಾರದು. ಅದನ್ನು ನಾವೇ ನೋಡಿಕೊಳ್ಳಬೇಕು.

ಮರೆತ ಬಟ್ಟಲಿನಲ್ಲಿ ಸೊಳ್ಳೆ

ಈಗ ಆ ಅಪಾಯದ ಮಾತು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ, ಮನೆಯ ಸುತ್ತ ನಿಂತ ತಿಳಿನೀರೇ ಪ್ರಿಯ. ಒಂದು ಕರಟದಷ್ಟು ನೀರು ಅದಕ್ಕೆ ಧಾರಾಳ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ಸುಮಾರು ಏಳರಿಂದ ಹತ್ತು ದಿನ ಸಾಕು. ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ಬರೀ ನೀರು ಚೆಲ್ಲಿದರೆ ಸಾಲದು, ಪಾತ್ರೆಯನ್ನು ತಿಕ್ಕಿ ತೊಳೆಯಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಪಡಿಸಿತು.

ಎಂದೇ ಎರಡು ನಿಯಮ. ಬಟ್ಟಲನ್ನು ದಿನಕ್ಕೊಮ್ಮೆ ಬರಿದು ಮಾಡಿ, ಆ ನೀರನ್ನು ತುಳಸಿಗೋ ನೆಲ ಒರೆಸಲೋ ಬಳಸಿ. ವಾರಕ್ಕೊಮ್ಮೆ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ. ಇಷ್ಟು ಮಾಡಲಾಗದಿದ್ದರೆ ಬಟ್ಟಲು ಇಡದಿರುವುದೇ ಲೇಸು.

ಬಟ್ಟಲು ಪ್ರಥಮ ಚಿಕಿತ್ಸೆ ಮಾತ್ರ

ಹನಿ ಹಿಡಿದ ಮಾತ್ರಕ್ಕೆ ಸೋರಿಕೆ ವಾಸಿಯಾಗದು. ತಿರುಗಿಸುವ ಹಳೆಯ ಮಾದರಿಯ ನಲ್ಲಿಗಳಲ್ಲಿ ಸಾಮಾನ್ಯವಾಗಿ ಸವೆದಿರುವುದು ಒಳಗಿನ ವಾಷರ್. ಬಲವಾಗಿ ಬಿಗಿದಷ್ಟೂ ಅದು ಬೇಗ ಹಾಳಾಗುತ್ತದೆ. ಟ್ಯಾಂಕಿನಿಂದ ಬರುವ ವಾಲ್ವ್ ಮುಚ್ಚಿ, ಕೊಳವೆಯ ನೀರು ಖಾಲಿ ಮಾಡಿ, ಸ್ಪ್ಯಾನರಿನಿಂದ ನಲ್ಲಿಯ ತಲೆ ಬಿಚ್ಚಿ. ಹಳೆಯ ವಾಷರನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಕೆಲವೇ ರೂಪಾಯಿಗಳ ಕೆಲಸ. ಕಾಲು ಸುತ್ತಿಗೇ ಮುಚ್ಚುವ ಹೊಸ ನಲ್ಲಿಗಳಾದರೆ ಒಳಗಿನ ಕಾರ್ಟ್ರಿಜನ್ನೇ ಬದಲಿಸಬೇಕಾದೀತು.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಈ ಭಾನುವಾರ ಮನೆಯ ನಲ್ಲಿಗಳ ತಪಾಸಣೆಯನ್ನು ಮಕ್ಕಳಿಗೇ ವಹಿಸಿ. ಅವರು ಹನಿ ಎಣಿಸಿ ಬರೆದ ಲೆಕ್ಕವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ವಾಷರ್ ಬದಲಿಸುವಾಗ ಸ್ಪ್ಯಾನರ್ ಹಿಡಿಯಲು ಅವರನ್ನೂ ಕರೆಯಿರಿ. ಮರುದಿನ ಬಟ್ಟಲು ಒಣಗಿದ್ದರೆ ಪ್ರಯೋಗ ಯಶಸ್ವಿಯಾಯಿತೆಂದೇ ಅರ್ಥ.