ಒಂದೇ ನಕ್ಷೆಯ ಮೂರು ಹಡಗುಗಳು

ಬೈಲಹೊಂಗಲ, ಕಿತ್ತೂರು ಕಡೆಯ ಕುಟುಂಬಗಳಿಗೆ ಗೋವಾ ದೂರದ ಊರಲ್ಲ. ಚೋರ್ಲಾ ಘಾಟಿ ಇಳಿದರೆ ಪಣಜಿ, ಅಲ್ಲಿಂದ ಮುಂದೆ ಮುರಗಾಂವ ಬಂದರು. ಈಚಿನ ವರ್ಷಗಳಲ್ಲಿ ಮುಂಬೈ–ಗೋವಾ ನಡುವೆ ಓಡಾಡುವ ಕ್ರೂಸ್ ಹಡಗಿನಲ್ಲಿ ಅಜ್ಜ, ಅಮ್ಮ, ಮೊಮ್ಮಕ್ಕಳು ಎಲ್ಲರೂ ಸೇರಿ ಎರಡು ರಾತ್ರಿ ಕಳೆದು ಬರುವ ಮಾತು ನಮ್ಮ ಮನೆಗಳಲ್ಲೂ ಕೇಳುತ್ತಿದೆ. 2021ರ ಸೆಪ್ಟೆಂಬರಿನಿಂದ ಈ ಕೆಲಸ ಮಾಡಿದ್ದು ಕೊರ್ಡೆಲಿಯಾ ಕಂಪನಿಯ ಎಂಪ್ರೆಸ್. ಅದರ ಜೊತೆಗೆ 2026ರಲ್ಲಿ ನಾರ್ವೇಜಿಯನ್ ಸ್ಕೈ, 2027ರಲ್ಲಿ ನಾರ್ವೇಜಿಯನ್ ಸನ್ ಎಂಬ ಎರಡು ದೊಡ್ಡ ಹಡಗುಗಳು ಬಾಡಿಗೆ ಕರಾರಿನ ಮೇಲೆ ಬರಲಿವೆ ಎಂದು 2025ರಲ್ಲಿ ಪ್ರಕಟವಾಯಿತು.

ಹೊಸ ಹಡಗು ಎಂದರೆ ಇಲ್ಲಿ ನಮಗೆ ಹೊಸದು ಎಂದಷ್ಟೇ ಅರ್ಥ. ಸ್ಕೈ ನೀರಿಗಿಳಿದು ಕಾಲು ಶತಮಾನ ಕಳೆದಿದೆ. ಅದರ ಅಕ್ಕನನ್ನು ನಮ್ಮ ಕರಾವಳಿ ಆಗಲೇ ನೋಡಿದೆ.

ಆ ಅಕ್ಕ ಕೋಸ್ಟಾ ವಿಕ್ಟೋರಿಯಾ. ಜರ್ಮನಿಯ ಬ್ರೆಮೆರ್ ವುಲ್ಕಾನ್ ಎಂಬ ಹಡಗುಕಟ್ಟೆ ಅದನ್ನು 1996ರಲ್ಲಿ ಇಟಲಿಯ ಕೋಸ್ಟಾ ಕಂಪನಿಗೆ ಕಟ್ಟಿಕೊಟ್ಟಿತು. ಅದೇ ನಕ್ಷೆಯ ಮೇಲೆ ಕೋಸ್ಟಾ ಒಲಿಂಪಿಯಾ ಎಂಬ ತಂಗಿಯ ಕೆಲಸವೂ ಶುರುವಾಗಿತ್ತು. ಅಷ್ಟರಲ್ಲಿ ಹಡಗುಕಟ್ಟೆಯೇ ದಿವಾಳಿಯಾಯಿತು. ಅರ್ಧಕ್ಕೆ ನಿಂತ ಒಡಲನ್ನು ನಾರ್ವೇಜಿಯನ್ ಕಂಪನಿ ಕೊಂಡು, ಬ್ರೆಮರ್‌ಹಾವೆನ್‌ನ ಲಾಯ್ಡ್ ವೆರ್ಫ್ಟ್‌ನಲ್ಲಿ ಪೂರ್ತಿಮಾಡಿಸಿ, 1999ರಲ್ಲಿ ನಾರ್ವೇಜಿಯನ್ ಸ್ಕೈ ಎಂದು ಹೆಸರಿಟ್ಟಿತು. ನಡುವೆ 2004ರಿಂದ 2008ರವರೆಗೆ ಅದು ಪ್ರೈಡ್ ಆಫ್ ಅಲೋಹಾ ಎಂಬ ಹೆಸರಿನಲ್ಲಿ ಹವಾಯಿ ದ್ವೀಪಗಳ ನಡುವೆ ಓಡಾಡಿತು. ಕಿರಿಯ ತಂಗಿ ಸನ್ 2001ರಲ್ಲಿ ಅದೇ ಲಾಯ್ಡ್ ವೆರ್ಫ್ಟ್‌ನಿಂದ ಹೊರಬಂತು. ಮೈಕಟ್ಟು ಅದೇ, ಒಳಗಿನ ಹಂಚಿಕೆ ಬೇರೆ. ವಿಕ್ಟೋರಿಯಾ 2019ರ ಸುಮಾರಿಗೆ ಮುಂಬೈ, ಗೋವಾ, ನವಮಂಗಳೂರು, ಕೊಚ್ಚಿ ಬಂದರುಗಳಿಗೆ ಬಂದುಹೋಯಿತು. 2020ರಲ್ಲಿ, ಕೊರೊನಾ ಕಾಲಕ್ಕೆ, ಅದನ್ನು ಕಳಚಿ ಗುಜರಿ ಮಾಡಲು ಮಾರಿದರು. ಅಕ್ಕ ಗುಜರಿ ಸೇರಿದ ಮೇಲೂ ತಂಗಿಯರಿಬ್ಬರೂ ಓಡುತ್ತಿದ್ದಾರೆ. ಎಂಪ್ರೆಸ್ ಈ ಮನೆತನದ್ದಲ್ಲ. ಅದು 1990ರಲ್ಲಿ ಫ್ರಾನ್ಸಿನ ಸೇಂಟ್ ನಜೈರ್‌ನಲ್ಲಿ ಮೂರು–ನಾಲ್ಕು ರಾತ್ರಿಯ ಚಿಕ್ಕ ಪ್ರವಾಸಗಳಿಗೆಂದೇ ಕಟ್ಟಿದ ಒಂಟಿ ಹಡಗು.

ಹೋಲಿಕೆಗೆ ಕೂತಾಗ ಎದುರಾಗುವ ಮೊದಲ ಅಂಕಿ ಟನೇಜ್. ಎಂಪ್ರೆಸ್ 48,563, ವಿಕ್ಟೋರಿಯಾ 75,166, ಸ್ಕೈ 77,104, ಸನ್ 78,309. ಇದನ್ನು ಹಡಗಿನ ತೂಕ ಎಂದು ಪತ್ರಿಕೆಗಳಲ್ಲೂ ಬರೆಯುತ್ತಾರೆ. ಅದು ತೂಕವಲ್ಲ. ಗ್ರಾಸ್ ಟನೇಜ್ ಎಂದರೆ ಹಡಗಿನ ಮುಚ್ಚಿದ ಜಾಗಗಳ ಒಟ್ಟು ಗಾತ್ರದಿಂದ ಲೆಕ್ಕಹಾಕಿದ ಸಂಖ್ಯೆ. 1969ರ ಅಂತರರಾಷ್ಟ್ರೀಯ ಒಪ್ಪಂದದ ಸೂತ್ರ ಇದು, 1982ರಿಂದ ಜಾರಿಯಲ್ಲಿದೆ. ಸೂತ್ರವನ್ನು ಹಿಂದುಮುಂದಾಗಿ ಬಿಡಿಸಿದರೆ ಸ್ಕೈ ಒಳಗೆ ಸುಮಾರು 2.5 ಲಕ್ಷ ಘನ ಮೀಟರ್, ಎಂಪ್ರೆಸ್ ಒಳಗೆ 1.6 ಲಕ್ಷ ಘನ ಮೀಟರ್ ಜಾಗ ಸಿಗುತ್ತದೆ. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ. ಅಷ್ಟು ಜಾಗದಲ್ಲಿ ಸ್ಕೈನಂಥ ಹಡಗುಗಳು ನಾಲ್ಕು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ.

ಟಿಕೆಟ್ ಕೊಳ್ಳುವವರಿಗೆ ಇದಕ್ಕಿಂತ ಮುಖ್ಯವಾದದ್ದು ಒಬ್ಬೊಬ್ಬರಿಗೆ ಸಿಗುವ ಪಾಲು. ಕ್ಯಾಬಿನ್ನಿಗೆ ಇಬ್ಬರಂತೆ ಲೆಕ್ಕ ಹಿಡಿದರೆ ಎಂಪ್ರೆಸ್‌ನಲ್ಲಿ ಸುಮಾರು 1,600 ಜನ, ಸ್ಕೈನಲ್ಲಿ ಸುಮಾರು 2,000. ಟನೇಜನ್ನು ಜನರಿಂದ ಭಾಗಿಸಿದರೆ ಎಂಪ್ರೆಸ್‌ಗೆ 30, ಸ್ಕೈಗೆ 38, ಸನ್‌ಗೆ 40ರ ಆಸುಪಾಸು ಬರುತ್ತದೆ. ಊಟದ ಸಾಲು, ಲಿಫ್ಟಿನ ಮುಂದಿನ ಗುಂಪು, ಮಕ್ಕಳು ಓಡಾಡುವ ಡೆಕ್ ಎಲ್ಲ ಈ ಒಂದು ಭಾಗಾಕಾರದ ಮೇಲೆ ನಿಂತಿವೆ. ನಮ್ಮ ಜನ ಒಂದು ಕ್ಯಾಬಿನ್ನಿನಲ್ಲಿ ಮೂವರು, ನಾಲ್ವರು ಹೋಗುವುದೇ ಹೆಚ್ಚು. ಆಗ ಪಾಲು ಇನ್ನೂ ಕಡಿಮೆಯಾಗುತ್ತದೆ. ಕಂಪನಿಗಳು ಜಾಹೀರಾತಿನಲ್ಲಿ ಈಜುಕೊಳದ ಚಿತ್ರದ ಬದಲು ಈ ಸಂಖ್ಯೆಯನ್ನು ಹಾಕಬೇಕು ಎನ್ನುವುದು ನನ್ನ ಆಗ್ರಹ.

ಇನ್ನು ತೂಕದ ಮಾತಿಗೆ ಬರೋಣ. ಒಂದೇ ನಕ್ಷೆಯಿಂದ ಹುಟ್ಟಿದ ಹಡಗುಗಳು ನೀರಿನಲ್ಲಿ ಒಂದೇ ತರಹ ಕೂರುತ್ತವೆಯೇ? ಎಂ.ಕೆ. ಹುಬ್ಬಳ್ಳಿ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕಬ್ಬು ಎತ್ತರಕ್ಕೇರಿದಷ್ಟೂ ತಿರುವಿನಲ್ಲಿ ವಾಲುವ ಭಯ ಹೆಚ್ಚು. ಹಡಗಿನಲ್ಲೂ ಭಾರದ ಕೇಂದ್ರ ಮೇಲೆ ಸರಿದಷ್ಟೂ ನೆಟ್ಟಗೆ ನಿಲ್ಲುವ ಬಲ ತಗ್ಗುತ್ತದೆ. ಆದ್ದರಿಂದ ಎಂಜಿನ್, ಇಂಧನ, ನೀರಿನ ಟ್ಯಾಂಕುಗಳನ್ನು ತಳದಲ್ಲಿಟ್ಟು, ಮೇಲಿನ ಅಂತಸ್ತುಗಳನ್ನು ಆದಷ್ಟು ಹಗುರ ಮಾಡುತ್ತಾರೆ. ಹಾಗೆಂದು ಕೇಂದ್ರವನ್ನು ಅತಿಯಾಗಿ ಕೆಳಗಿಳಿಸಿದರೂ ಕಷ್ಟ: ಅಲೆಗೆ ವಾಲಿದ ಹಡಗು ಜಗ್ಗಿದಂತೆ ಥಟ್ಟನೆ ನೆಟ್ಟಗಾಗುತ್ತದೆ, ಒಳಗಿದ್ದವರ ಹೊಟ್ಟೆ ತೊಳಸುತ್ತದೆ. ಪ್ರಯಾಣಿಕರ ಹಡಗಿಗೆ ಬೇಕಾದದ್ದು ನಿಧಾನವಾಗಿ ವಾಲಿ ನಿಧಾನವಾಗಿ ಏಳುವ ಗುಣ.

ಮಕ್ಕಳಿಗೆ ಇಷ್ಟವಾಗುವ ಮೇಲಂತಸ್ತಿನ ಈಜುಕೊಳ ಇಲ್ಲಿ ಎಂಜಿನಿಯರುಗಳ ತಲೆನೋವು. ಒಂದು ಘನ ಮೀಟರ್ ನೀರು ಎಂದರೆ ಒಂದು ಟನ್. ಅದು ಸುಮ್ಮನೆ ಕೂರುವ ಭಾರವೂ ಅಲ್ಲ. ಹಡಗು ವಾಲಿದ ಕಡೆಗೇ ತಾನೂ ಹರಿದು ವಾಲುವಿಕೆಗೆ ಬಲ ಕೊಡುತ್ತದೆ. ಹಾಗಾಗಿ ಹಡಗಿನ ಕೊಳಗಳು ಚಿಕ್ಕವು. ಸಮುದ್ರ ಕೆರಳಿದಾಗ ಅವನ್ನು ಬರಿದು ಮಾಡುತ್ತಾರೆ.

ವಿಕ್ಟೋರಿಯಾ ಹುಟ್ಟಿದಾಗ ಅದಕ್ಕೆ ಬಾಲ್ಕನಿಗಳೇ ಇರಲಿಲ್ಲ. ಜನ ಕೇಳತೊಡಗಿದ ಮೇಲೆ ಹೊರಮೈಗೆ ಸೇರಿಸಿದರು. ಸ್ಕೈ ಬಾಲ್ಕನಿಗಳೊಂದಿಗೇ ಬಂತು. ಎತ್ತರದಲ್ಲಿ ಹೀಗೆ ಉಕ್ಕು, ಗಾಜು ಸೇರಿಸಿದಾಗಲೆಲ್ಲ ಹಡಗಿನ ಸ್ಥಿರತೆಯ ಲೆಕ್ಕ ಬದಲಾಗುತ್ತದೆ. ಅದನ್ನು ಅಳೆಯುವ ವಿಧಾನ ಸರಳವೂ ಸುಂದರವೂ ಆಗಿದೆ. ನಿಂತ ನೀರಿನಲ್ಲಿ ಹಡಗನ್ನು ನಿಲ್ಲಿಸಿ, ತೂಕ ಗೊತ್ತಿರುವ ಗುಂಡುಗಳನ್ನು ಡೆಕ್ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಾರೆ. ಒಳಗೆ ಇಳಿಬಿಟ್ಟ ಲೋಲಕ ಎಷ್ಟು ಓರೆಯಾಯಿತೆಂದು ನೋಡಿ ಭಾರದ ಕೇಂದ್ರ ಎಲ್ಲಿದೆಯೆಂದು ಕಂಡುಹಿಡಿಯುತ್ತಾರೆ. ಸರಕಿನ ಹಡಗಾದರೆ ಅಕ್ಕನ ಮೇಲೆ ಮಾಡಿದ ಪರೀಕ್ಷೆಯನ್ನು ತಂಗಿಗೂ ಅನ್ವಯಿಸಲು ಕಾನೂನು ಅವಕಾಶ ಕೊಡುತ್ತದೆ. ಪ್ರಯಾಣಿಕರ ಹಡಗಿಗೆ ಆ ವಿನಾಯಿತಿ ಇಲ್ಲ. ಪ್ರತಿಯೊಂದನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು. ಮೇಲಾಗಿ ಐದು ವರ್ಷಕ್ಕೊಮ್ಮೆ ಅದರ ಬರಿದು ತೂಕ ನೋಡಬೇಕು, ಶೇ 2ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಬಣ್ಣದ ಮೇಲೆ ಬಣ್ಣ, ಹೊಸ ಅಡುಗೆಮನೆ, ಹೊಸ ಕೇಬಲ್ಲು ಸೇರುತ್ತ ಹಡಗೂ ವಯಸ್ಸಿನ ಜೊತೆ ದಪ್ಪವಾಗುತ್ತದೆ. ಒಂದೇ ನಕ್ಷೆಯ ಹಡಗುಗಳು ಬಾಳಿದ ಬದುಕಿನಿಂದ ಬೇರೆಬೇರೆಯಾಗುತ್ತವೆ ಎಂಬುದನ್ನು ಕಾನೂನೇ ಒಪ್ಪಿಕೊಂಡಿದೆ. ಅಕ್ಕ ಚೆನ್ನಾಗಿದ್ದಳು ಎಂಬ ಹೊಗಳಿಕೆಯನ್ನೂ ತಂಗಿಯ ಟಿಕೆಟ್ಟಿಗೆ ಆಧಾರ ಮಾಡಿಕೊಳ್ಳಬಾರದು.

ಮೂವರಿಗೂ ಒಂದೇ ಆಗಿರುವುದು ಅಗಲ, ಸುಮಾರು 32 ಮೀಟರ್. ಪನಾಮಾ ಕಾಲುವೆಯ ಹಳೆಯ ಕೋಣೆಗಳ ಅಗಲ 33.5 ಮೀಟರ್, ಅದರಲ್ಲಿ ತೂರಬೇಕೆಂಬ ಹಂಬಲವೇ ಈ ಅಳತೆಯನ್ನು ಗೊತ್ತುಮಾಡಿತು. ಎಂಜಿನ್ ವ್ಯವಸ್ಥೆಯ ತತ್ವವೂ ಒಂದೇ. ಡೀಸೆಲ್ ಎಂಜಿನ್‌ಗಳು ನೇರವಾಗಿ ಪ್ರೊಪೆಲರ್ ತಿರುಗಿಸದೆ ಕರೆಂಟು ಹುಟ್ಟಿಸುತ್ತವೆ. ಆ ಕರೆಂಟು ಮೋಟರುಗಳ ಮೂಲಕ ಪ್ರೊಪೆಲರಿಗೂ, ಎಸಿಗೂ, ಅಡುಗೆಮನೆಗೂ ಹಂಚಿಹೋಗುತ್ತದೆ. ನಿಧಾನವಾಗಿ ಹೋಗುವಾಗ ಕೆಲವು ಎಂಜಿನ್‌ಗಳನ್ನು ಪೂರ್ತಿ ಆರಿಸಿಬಿಡಬಹುದು. ಹಡಗಿಗೆ ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ, 20 ನಾಟ್‌ನಿಂದ 16 ನಾಟ್‌ಗೆ ಇಳಿದರೆ ಹೆಚ್ಚುಕಡಿಮೆ ಅರ್ಧ ಶಕ್ತಿ ಸಾಕು. ಮುಂಬೈನಿಂದ ಗೋವಾಕ್ಕೆ ಒಂದು ರಾತ್ರಿ ಪೂರ್ತಿ ತೆಗೆದುಕೊಳ್ಳುವ ಹಡಗು ಸೋಮಾರಿಯಲ್ಲ, ಎಣ್ಣೆ ಉಳಿಸುತ್ತಿದೆ.

ಮಲಪ್ರಭೆಯ ನೀರಿಗೆ ಕಾಯುವ ಸವದತ್ತಿ, ರಾಮದುರ್ಗದ ಜನರಿಗೆ ಹಡಗಿನ ಇನ್ನೊಂದು ವಿದ್ಯೆ ತೀರ ಹತ್ತಿರದ್ದು: ಎರಡು ಸಾವಿರ ಪ್ರಯಾಣಿಕರಿಗೆ, ಜೊತೆಗೆ ಸಿಬ್ಬಂದಿಗೆ ಸಿಹಿನೀರು ಎಲ್ಲಿಂದ? ದೊಡ್ಡ ಪಾಲು ಸಮುದ್ರದಿಂದಲೇ ಮಾಡಿಕೊಳ್ಳುತ್ತಾರೆ. ಎಂಜಿನ್ ತಂಪಾಗಿಸಿ ಬಂದ ನೀರು 80–90 ಡಿಗ್ರಿ ಬಿಸಿ ಇರುತ್ತದೆ. ಉಪ್ಪುನೀರನ್ನು ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿಟ್ಟು ಈ ಬಿಸಿಯನ್ನು ತಾಗಿಸುತ್ತಾರೆ. ಒತ್ತಡ ಕಡಿಮೆಯಾದಷ್ಟೂ ನೀರು ಬೇಗ ಕುದಿಯುತ್ತದೆ. ಸವದತ್ತಿಯ ಎತ್ತರದಲ್ಲೇ 98 ಡಿಗ್ರಿಗೆ ಕುದಿ ಬರುತ್ತದೆ, ಹಡಗಿನ ಪಾತ್ರೆಯಲ್ಲಿ 50ರ ಸುಮಾರಿಗೆ. ಏಳುವ ಹಬೆಯನ್ನು ತಣಿಸಿದರೆ ಸಿಹಿನೀರು. ಪೋಲಾಗಿ ಹೋಗಬೇಕಿದ್ದ ಬಿಸಿಯೇ ಇಲ್ಲಿ ಒಲೆ. ಇನ್ನೊಂದು ದಾರಿ ಆರ್‌ಒ: ನಮ್ಮೂರುಗಳ ಶುದ್ಧ ನೀರಿನ ಘಟಕದ ತತ್ವವೇ. ಆದರೆ ಸಮುದ್ರದ ಉಪ್ಪನ್ನು ಸೋಸಲು ವಾತಾವರಣದ ಒತ್ತಡದ ಐವತ್ತು, ಅರವತ್ತು ಪಟ್ಟು ಒತ್ತಡ ಬೇಕು, ಅಷ್ಟು ಕರೆಂಟೂ ಬೇಕು.

ಹಿರಿಯರನ್ನು ಕರೆದುಕೊಂಡು ಹೋಗುವವರು ಯಾವ ಹಡಗು ಎಂಬುದರ ಜೊತೆಗೆ ಯಾವ ಕ್ಯಾಬಿನ್ ಎಂಬುದನ್ನೂ ನೋಡಬೇಕು. ಮೂತಿ ಮೇಲೆದ್ದು ಬೀಳುವ ಚಲನೆ ಹಡಗಿನ ನಡುಭಾಗದಲ್ಲಿ ಕಡಿಮೆ. ಎಡಬಲದ ತೂಗಾಟ ಕೆಳಗಿನ ಅಂತಸ್ತಿನಲ್ಲಿ ಕಡಿಮೆ. ಎಂಪ್ರೆಸ್ ಉದ್ದ 211 ಮೀಟರ್, ಸ್ಕೈ ಉದ್ದ ಸುಮಾರು 260. ಹಡಗು ಉದ್ದವಾದಷ್ಟೂ ಸಾಮಾನ್ಯ ಅಲೆಗಳು ಅದನ್ನು ಎತ್ತಿ ಇಳಿಸುವುದು ಕಷ್ಟ, ಆದ್ದರಿಂದ ಆ ಮಟ್ಟಿಗೆ ಸ್ಕೈ ಮೇಲು. ಬಾಲ್ಕನಿಯ ಎತ್ತರದ ಕ್ಯಾಬಿನ್ ನೋಟಕ್ಕೆ ಚೆಂದ, ಅಮ್ಮನ ತಲೆಸುತ್ತಿಗೆ ನಡುವಿನ ಕೆಳ ಅಂತಸ್ತೇ ಲೇಸು, ಅಲ್ಲಿ ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ತಿಂಗಳು ಆರಿಸಿಕೊಳ್ಳುವಂತಿದ್ದರೆ ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು. ಜೂನ್ ಬಂದರೆ ಅರಬ್ಬಿ ಸಮುದ್ರ ಕೆರಳುತ್ತದೆ. ಎಂಪ್ರೆಸ್ ಕೂಡ ಮಳೆಗಾಲದಲ್ಲಿ ಚೆನ್ನೈ ಕಡೆಗೆ ಹೋಗಿ ಶ್ರೀಲಂಕಾಕ್ಕೆ ಓಡಾಡಿದ್ದುಂಟು.