ನೆರವಿಗೂ ಬೇಕು ತರಬೇತಿ: ಐದು ತಪ್ಪು ಕಲ್ಪನೆಗಳು

ನೆರೆ, ಭೂಕಂಪ, ಚಂಡಮಾರುತ, ಯುದ್ಧ ಎಂದು ಸುದ್ದಿ ಬಂದರೆ ಸಾಕು, ಊರೂರಲ್ಲೂ ದೇಣಿಗೆ ಸಂಗ್ರಹ ಶುರುವಾಗುತ್ತದೆ, ಲಾರಿಗಳು ತುಂಬುತ್ತವೆ. ಕಷ್ಟದಲ್ಲಿರುವವರಿಗೆ ಕೈಲಾದಷ್ಟು ಮಾಡುವುದಕ್ಕೂ ತರಬೇತಿ, ಕೋರ್ಸು, ಸರ್ಟಿಫಿಕೇಟು ಬೇಕೇ ಎಂದು ಕೇಳುವವರಿದ್ದಾರೆ. ಬೇಕು ಎಂಬುದಕ್ಕೆ ಹಿಂದೆ ನಡೆದದ್ದೇ ಸಾಕ್ಷಿ.

ತಪ್ಪು ಕಲ್ಪನೆ 1: ಮನಸ್ಸಿದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ.

ಸತ್ಯ: 2004ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಣಂಗೆ ಹಳೆ ಬಟ್ಟೆಯ ಹೊಳೆಯೇ ಹರಿದು ಬಂತು. ಅದರಲ್ಲಿ ಬಹುಪಾಲು ರಸ್ತೆಬದಿಯಲ್ಲಿ ರಾಶಿಬಿತ್ತು. ಅಲ್ಲಿನ ಮೀನುಗಾರರು ಕಳೆದುಕೊಂಡಿದ್ದು ದೋಣಿ, ಬಲೆ, ಮನೆ. ಬೇಡದ ಸಾಮಾನು ಬರೀ ವ್ಯರ್ಥವಾಗಿ ಬಿದ್ದಿರುವುದಿಲ್ಲ. ಗೋದಾಮಿನ ಜಾಗ, ಲಾರಿಯ ಸರದಿ, ವಿಂಗಡಿಸುವವರ ಸಮಯ ಎಲ್ಲವನ್ನೂ ನುಂಗುತ್ತದೆ. ಅದಕ್ಕೇ ತರಬೇತಿಯ ಮೊದಲ ಪಾಠ ಅಗತ್ಯಗಳ ಸಮೀಕ್ಷೆ: ಯಾರು ಏನನ್ನು ಕಳೆದುಕೊಂಡಿದ್ದಾರೆ, ಹತ್ತಿರದ ಸಂತೆಯಲ್ಲಿ ಏನು ಸಿಗುತ್ತದೆ, ಯಾರ ದನಿ ಕೇಳಿಸುತ್ತಿಲ್ಲ. ಅಂಗಡಿಗಳು ತೆರೆದಿದ್ದರೆ ಎಷ್ಟೋ ಸಲ ಸಾಮಾನಿಗಿಂತ ನಗದೇ ಮೇಲು.

ತಪ್ಪು ಕಲ್ಪನೆ 2: ಒಳ್ಳೆಯ ಡಾಕ್ಟರು, ಎಂಜಿನಿಯರುಗಳನ್ನು ಕಳಿಸಿದರೆ ಮುಗಿಯಿತು.

ಸತ್ಯ: 1994ರ ಜುಲೈನಲ್ಲಿ ರುವಾಂಡಾದ ಸುಮಾರು ಹತ್ತು ಲಕ್ಷ ಜನ ಗಡಿ ದಾಟಿ ಇಂದಿನ ಕಾಂಗೋದ ಗೋಮಾ ಸುತ್ತಮುತ್ತ ಬಂದು ಬಿದ್ದರು. ಮೊದಲ ತಿಂಗಳಲ್ಲೇ ಸುಮಾರು 50,000 ಮಂದಿ ಸತ್ತರು. ಹೆಚ್ಚಿನವರ ಸಾವಿಗೆ ಕಾರಣ ಕಾಲರಾ ಮತ್ತು ರಕ್ತಭೇದಿ. ಅಲ್ಲಿ ವೈದ್ಯರಿರಲಿಲ್ಲ ಎಂದಲ್ಲ. ಢಾಕಾದ ಕಾಲರಾ ಸಂಶೋಧನಾ ಕೇಂದ್ರದ ತಂಡ ಹೋಗಿ ನೋಡಿದಾಗ ಕಂಡದ್ದು ಬೇರೆ: ರೋಗಿಗಳಿಗೆ ದ್ರವ ಸೇರುವ ವೇಗ ಸಾಲದು, ಕುಡಿಸುವ ಓಆರ್‌ಎಸ್ ದ್ರಾವಣದ ಬಳಕೆ ಕಡಿಮೆ, ನರಕ್ಕೆ ಏರಿಸಿದ ಸಲೈನಿನ ಬಗೆ ಸರಿಯಿಲ್ಲ, ಸಿಬ್ಬಂದಿಗೆ ತೀವ್ರ ಕಾಲರಾ ನಿಭಾಯಿಸಿದ ಅನುಭವವಿಲ್ಲ. ಸರಿಯಾದ ಚಿಕಿತ್ಸೆ ಸಿಕ್ಕರೆ ಕಾಲರಾದಲ್ಲಿ ನೂರಕ್ಕೆ ಒಬ್ಬರೂ ಸಾಯಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಮ್ಮ ದೇಶದ್ದೇ. 1971ರ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸುವ ಕ್ರಮ ಹೇಳಿಕೊಟ್ಟ ಮೇಲೆ ರೋಗಿಗಳ ಮನೆಯವರೇ ಲೋಟ ಹಿಡಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಗೋಮಾದಲ್ಲಿ ಕೊರತೆಯಾದದ್ದು ಪದವಿಯಲ್ಲ, ಆ ಸಂದರ್ಭಕ್ಕೆ ತಕ್ಕ ಕಲಿಕೆ.

ತಪ್ಪು ಕಲ್ಪನೆ 3: ವಿಪತ್ತಿನಲ್ಲಿ ಲೆಕ್ಕಾಚಾರಕ್ಕೆ ಪುರುಸೊತ್ತೆಲ್ಲಿ?

ಸತ್ಯ: ಪುರುಸೊತ್ತು ಇಲ್ಲದ್ದರಿಂದಲೇ ಲೆಕ್ಕ ಮೊದಲೇ ಗೊತ್ತಿರಬೇಕು. ಆಗ ಕಲಿಯ ಹೊರಟರೆ ಯುದ್ಧಕಾಲೇ ಶಸ್ತ್ರಾಭ್ಯಾಸ. ಗೋಮಾದ ಕಹಿ ಪಾಠದ ನಂತರ, 1997ರಲ್ಲಿ, ನೆರವು ಸಂಸ್ಥೆಗಳು ಒಟ್ಟಾಗಿ ‘ಸ್ಫಿಯರ್’ ಎಂಬ ಕನಿಷ್ಠ ಮಾನದಂಡಗಳನ್ನು ರೂಪಿಸಲು ಆರಂಭಿಸಿದವು. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 250 ಜನರಿಗೊಂದು ನಲ್ಲಿ, 20 ಜನರಿಗೊಂದು ಶೌಚಾಲಯ, ಒಬ್ಬರಿಗೆ 3.5 ಚದರ ಮೀಟರ್ ಸೂರು.

10,000 ಜನರ ಶಿಬಿರಕ್ಕೆ ಇದನ್ನು ಗುಣಿಸಿ ನೋಡಿ: ದಿನಕ್ಕೆ 1.5 ಲಕ್ಷ ಲೀಟರ್ ನೀರು, 40 ನಲ್ಲಿ, 500 ಶೌಚಾಲಯ. ಮೊದಲ ದಿನಗಳಲ್ಲಿ ಅಷ್ಟು ಸಾಧ್ಯವಾಗದಿದ್ದರೆ 50 ಜನರಿಗೊಂದರಂತೆ 200 ಶೌಚಾಲಯವಾದರೂ ಬೇಕು. ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು. ಒಳಗಿನಿಂದ ಚಿಲಕ, ಹೊರಗೆ ಬೆಳಕು ಇರಬೇಕು. ಚಿಲಕ ಸಣ್ಣ ಸಂಗತಿಯಂತೆ ಕಾಣಬಹುದು. ಅದಿಲ್ಲದ ಶೌಚಾಲಯಕ್ಕೆ ಹೆಂಗಸರು ಕತ್ತಲಾದ ಮೇಲೆ ಕಾಲಿಡುವುದಿಲ್ಲ. ಆಗ ಕಟ್ಟಿದ್ದೂ ಕಟ್ಟದಂತೆಯೇ.

ತಪ್ಪು ಕಲ್ಪನೆ 4: ಹೆಣಗಳನ್ನು ಕೂಡಲೇ ಹೂಳದಿದ್ದರೆ ಸಾಂಕ್ರಾಮಿಕ ಹಬ್ಬುತ್ತದೆ.

ಸತ್ಯ: ಭೂಕಂಪ, ಪ್ರವಾಹದಲ್ಲಿ ಗಾಯಗೊಂಡೋ ಮುಳುಗಿಯೋ ಸತ್ತವರ ದೇಹಗಳಿಂದ ಸಾಂಕ್ರಾಮಿಕ ಹಬ್ಬುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹಲವು ಬಾರಿ ಸ್ಪಷ್ಟಪಡಿಸಿದೆ. ಕಾಲರಾ, ಎಬೋಲಾದಂಥ ರೋಗಗಳಿಂದ ಸತ್ತವರ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಉಳಿದಂತೆ, ಕುಡಿಯುವ ನೀರಿನ ಮೂಲದ ಹತ್ತಿರ ಶವಗಳಿರಬಾರದು, ಅಷ್ಟೆ. ಗುರುತು ಹಿಡಿಯದೆ ಸಾಮೂಹಿಕವಾಗಿ ಹೂತುಬಿಟ್ಟರೆ ಮನೆಯವರಿಗೆ ಅಂತ್ಯಸಂಸ್ಕಾರವೂ ಇಲ್ಲ, ಪರಿಹಾರಕ್ಕೆ ದಾಖಲೆಯೂ ಇಲ್ಲ. ತರಬೇತಿ ಪಡೆದವರು ಫೋಟೊ ತೆಗೆದು, ಸಂಖ್ಯೆ ಹಚ್ಚಿ, ಬಟ್ಟೆಬರೆ ಒಡವೆಗಳ ವಿವರ ಬರೆದಿಟ್ಟ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕುತ್ತಾರೆ.

ತಪ್ಪು ಕಲ್ಪನೆ 5: ಜೀವ ಉಳಿಸುವುದು ಹೊರಗಿನಿಂದ ಬರುವ ತಂಡಗಳು.

ಸತ್ಯ: ಹೊರಗಿನ ತಂಡ ಬರುವಷ್ಟರಲ್ಲಿ ಅಮೂಲ್ಯ ಗಂಟೆಗಳು ಕಳೆದಿರುತ್ತವೆ. ಮೊದಲು ಕೈಹಿಡಿದು ಎಳೆಯುವವರು ಅಕ್ಕಪಕ್ಕದವರೇ. ಒಡಿಶಾ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿತು. 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. ಅದೇ ವರ್ಷ ರಾಜ್ಯವು ವಿಪತ್ತಿಗೆಂದೇ ಪ್ರತ್ಯೇಕ ಪ್ರಾಧಿಕಾರ ಕಟ್ಟಿತು. ಕರಾವಳಿಯಲ್ಲಿ ಆಶ್ರಯತಾಣಗಳು ಎದ್ದವು. ಹಳ್ಳಿಯ ಯುವಕ ಯುವತಿಯರು ಪ್ರಥಮ ಚಿಕಿತ್ಸೆ, ಹುಡುಕಾಟ, ಆಶ್ರಯತಾಣದ ನಿರ್ವಹಣೆ ಕಲಿತು, ಅಣಕು ಕಾರ್ಯಾಚರಣೆಗಳಲ್ಲಿ ಪಳಗಿದರು. 2013ರಲ್ಲಿ ಫೈಲಿನ್ ಚಂಡಮಾರುತ ಅಪ್ಪಳಿಸುವ ಮೊದಲೇ ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಲಾಯಿತು. ಸಾವು ಐವತ್ತನ್ನು ದಾಟಲಿಲ್ಲ. ಹವಾಮಾನ ಮುನ್ಸೂಚನೆ ಸುಧಾರಿಸಿದ್ದೂ ಇದಕ್ಕೆ ಕಾರಣ. ಆದರೆ ಮುನ್ಸೂಚನೆಯನ್ನು ಮನೆಮನೆಗೆ ಮುಟ್ಟಿಸಿ, ಹಟ ಹಿಡಿದು ಕೂತ ಅಜ್ಜನನ್ನು ಒಪ್ಪಿಸಿ ಎಬ್ಬಿಸುವುದು ಪಳಗಿದ ಊರಿನವರಿಂದಲೇ ಆಗುವ ಕೆಲಸ.

ಈ ಕಲಿಕೆಯ ಬಾಗಿಲು ಅಧಿಕಾರಿಗಳಿಗಷ್ಟೇ ತೆರೆದಿಲ್ಲ. ಕೇಂದ್ರದ ‘ಆಪದ ಮಿತ್ರ’ ಯೋಜನೆಯಡಿ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ ತಲಾ 12 ದಿನಗಳ ತರಬೇತಿ ನೀಡುವ ಗುರಿ ಇಟ್ಟುಕೊಳ್ಳಲಾಗಿತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ವಿಪತ್ತು ನಿರ್ವಹಣಾ ಪ್ರಾಧಿಕಾರ ಇರಬೇಕು. ಸೇವೆಯ ಹುಮ್ಮಸ್ಸಿರುವವರು ಮುಂದಿನ ಮಳೆಗಾಲ ಬರುವ ಮೊದಲೇ ಅಲ್ಲಿಗೆ ಹೋಗಿ ತರಬೇತಿಯ ಬಗ್ಗೆ ವಿಚಾರಿಸಲಿ.