ಒಂಟಿ ಕಾಲಿನ ಓಟ, ಒಂದು ಡಾಲರಿನ ಲೆಕ್ಕ

1980ರ ಏಪ್ರಿಲ್ 12. ಕೆನಡಾ ದೇಶದ ಪೂರ್ವದ ತುದಿಯಲ್ಲಿರುವ ನ್ಯೂಫೌಂಡ್‌ಲೆಂಡ್ ದ್ವೀಪದ ಸೇಂಟ್ ಜಾನ್ಸ್ ಬಂದರು. ಇಪ್ಪತ್ತೊಂದು ವರ್ಷದ, ಗುಂಗುರು ಕೂದಲಿನ ಯುವಕನೊಬ್ಬ ತನ್ನ ಕೃತಕ ಬಲಗಾಲನ್ನು ಅಟ್ಲಾಂಟಿಕ್ ಸಾಗರದ ತಣ್ಣನೆ ನೀರಿಗೆ ಅದ್ದಿದ. ಎರಡು ದೊಡ್ಡ ಬಾಟಲಿಗಳಲ್ಲಿ ಸಮುದ್ರದ ನೀರು ತುಂಬಿಕೊಂಡ. ಒಂದು ನೆನಪಿಗೆ, ಇನ್ನೊಂದು ದೇಶದ ಆ ತುದಿಯಲ್ಲಿ ಪೆಸಿಫಿಕ್ ಸಾಗರಕ್ಕೆ ಸುರಿಯಲು. ಅನಂತರ ಪಶ್ಚಿಮಕ್ಕೆ ಮುಖ ಮಾಡಿ ಓಡತೊಡಗಿದ.

ಅವನ ಹೆಸರು ಟೆರಿ ಫಾಕ್ಸ್. ಮುಂದಿದ್ದ ದಾರಿ ಸುಮಾರು 8,000 ಕಿಲೋಮೀಟರ್. ದಿನಕ್ಕೆ 42 ಕಿಲೋಮೀಟರ್, ಅಂದರೆ ದಿನಕ್ಕೊಂದು ಮ್ಯಾರಥಾನ್ ಓಡುವುದು ಅವನ ಯೋಜನೆ. ಉದ್ದೇಶ ಒಂದೇ: ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವುದು. ಓಟಕ್ಕೆ ಅವನಿಟ್ಟ ಹೆಸರು ‘ಭರವಸೆಯ ಮ್ಯಾರಥಾನ್’.

ಎರಡೂ ಕಾಲು ಗಟ್ಟಿಯಾಗಿರುವವರೇ ಹಿಂಜರಿಯುವ ಇಂಥ ಸಾಹಸಕ್ಕೆ ಒಂದು ಕಾಲು ಕಳೆದುಕೊಂಡ ಹುಡುಗ ಕೈಹಾಕಿದ್ದೇಕೆ?

ಬೆಂಚು ಕಾಯ್ದ ಹುಡುಗ

ಟೆರಿ ಹುಟ್ಟಿದ್ದು 1958ರ ಜುಲೈ 28ರಂದು, ವಿನಿಪೆಗ್‌ನಲ್ಲಿ. ಬೆಳೆದದ್ದು ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಪೋರ್ಟ್ ಕೊಕ್ವಿಟ್ಲಂ ಎಂಬ ಊರಿನಲ್ಲಿ. ತಂದೆ ರಾಲಿ, ತಾಯಿ ಬೆಟ್ಟಿ. ನಾಲ್ವರು ಮಕ್ಕಳ ಸಾಧಾರಣ ಸಂಸಾರ.

ಶಾಲೆಯಲ್ಲಿ ಅವನಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು. ಆದರೆ ಕುಳ್ಳು ದೇಹ, ಆಟವೂ ಅಷ್ಟಕ್ಕಷ್ಟೆ. ನಿನಗೆ ದೂರದ ಓಟವೇ ಸರಿ ಎಂದು ತರಬೇತಿ ಕೊಡುತ್ತಿದ್ದ ಮೇಷ್ಟ್ರು ಸೂಚಿಸಿದರು. ಓಟದಲ್ಲಿ ಆಸಕ್ತಿಯಿಲ್ಲದಿದ್ದರೂ ಮೇಷ್ಟ್ರ ಮಾತಿಗೆ ಬೆಲೆಕೊಟ್ಟು ಓಡಿದ. ಬ್ಯಾಸ್ಕೆಟ್‌ಬಾಲ್ ಮಾತ್ರ ಬಿಡಲಿಲ್ಲ. ಎಂಟನೇ ತರಗತಿಯ ಇಡೀ ವರ್ಷದ ಪಂದ್ಯಗಳಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಒಂದು ನಿಮಿಷದ ಆಟ! ಉಳಿದಂತೆ ಬೆಂಚು ಕಾಯುವುದೇ ಕೆಲಸ. ಆದರೂ ಬೇಸರಪಡದೆ ಗೆಳೆಯ ಡಗ್ ಆಲ್ವರ್ಡ್ ಜೊತೆ ಅಭ್ಯಾಸ ಮಾಡಿದ. ಹನ್ನೆರಡನೇ ತರಗತಿಗೆ ಬರುವಷ್ಟರಲ್ಲಿ ಶಾಲೆಯ ವರ್ಷದ ಕ್ರೀಡಾಪಟು ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಮುಂದೆ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯ ಸೇರಿ, ದೇಹದ ಚಲನೆಯ ಶಾಸ್ತ್ರವನ್ನು ಓದತೊಡಗಿದ.

1976ರ ನವೆಂಬರ್‌ನಲ್ಲಿ ಅವನು ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಯಿತು. ಪೆಟ್ಟಾದದ್ದು ಬಲ ಮೊಣಕಾಲಿಗೆ ಮಾತ್ರ. ಡಿಸೆಂಬರ್‌ನಲ್ಲಿ ಅಲ್ಲಿ ಮತ್ತೆ ನೋವು. ಪಂದ್ಯಗಳ ಕಾಲ ಮುಗಿಯಲಿ, ಆಮೇಲೆ ನೋಡೋಣವೆಂದು ಟೆರಿ ತಡೆದುಕೊಂಡ. 1977ರ ಮಾರ್ಚ್ ಹೊತ್ತಿಗೆ ನೋವು ಮಿತಿಮೀರಿತು. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ತಿಳಿದದ್ದು, ಅದು ಆಸ್ಟಿಯೋಸಾರ್ಕೋಮ; ಮೂಳೆಯ ಕ್ಯಾನ್ಸರ್. ಅಪಘಾತದಿಂದಲೇ ಹೀಗಾಯಿತೆಂದು ಟೆರಿ ನಂಬಿದ್ದ. ಆದರೆ ಎರಡಕ್ಕೂ ಸಂಬಂಧವಿಲ್ಲವೆಂದು ವೈದ್ಯರು ಹೇಳಿದರು. ಮೊಣಕಾಲಿನಿಂದ ಸುಮಾರು 15 ಸೆಂಟಿಮೀಟರ್ ಮೇಲಕ್ಕೆ ಕಾಲನ್ನು ಕತ್ತರಿಸಿ ತೆಗೆಯಬೇಕಾಯಿತು. ಆಗ ಅವನಿಗೆ ಹದಿನೆಂಟು ವರ್ಷ.

ಶೇಕಡಾ 15ರಿಂದ 50ಕ್ಕೆ

ಟೆರಿಯ ಬದುಕಿನ ದಿಕ್ಕನ್ನು ಬದಲಿಸಿದವು ಎರಡು ಸಂಗತಿಗಳು.

ಮೊದಲನೆಯದು, ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಶಾಲೆಯ ಹಳೆಯ ತರಬೇತುದಾರರೊಬ್ಬರು ತಂದುಕೊಟ್ಟ ಪತ್ರಿಕೆ. ಕಾಲು ಕಳೆದುಕೊಂಡ ಡಿಕ್ ಟ್ರಾಮ್ ಎಂಬಾತ ನ್ಯೂಯಾರ್ಕ್ ಮ್ಯಾರಥಾನ್ ಓಡಿ ಮುಗಿಸಿದ ಲೇಖನ ಅದರಲ್ಲಿತ್ತು.

ಎರಡನೆಯದು, ವೈದ್ಯರಿಂದ ತಿಳಿದ ಒಂದು ಲೆಕ್ಕ. ನೀನು ಬದುಕುವ ಸಾಧ್ಯತೆ ಶೇಕಡಾ 50. ಎರಡು ವರ್ಷ ಮೊದಲೇ ಈ ರೋಗ ಬಂದಿದ್ದರೆ ಅದು ಶೇಕಡಾ 15 ಮಾತ್ರ ಆಗಿರುತ್ತಿತ್ತು ಎಂದು ಅವರು ಹೇಳಿದರು. ಈ ವ್ಯತ್ಯಾಸ ಬಂದದ್ದು ಹೊಸ ಔಷಧಗಳಿಂದ. ಔಷಧ ಬಂದದ್ದು ಸಂಶೋಧನೆಯಿಂದ. ಸಂಶೋಧನೆ ನಡೆಯಬೇಕಾದರೆ ಬೇಕಾದದ್ದು ಹಣ. ಎಲ್ಲೋ ಹಿಂದೆ ಯಾರೋ ಕೊಟ್ಟ ಹಣ ಇಂದು ತನ್ನ ಆಯುಷ್ಯವಾಗಿದೆ ಎಂಬುದು ಹುಡುಗನ ಮನಸ್ಸಿಗೆ ನಾಟಿತು.

ಹದಿನಾರು ತಿಂಗಳ ಕಿಮೋಥೆರಪಿ. ಕೂದಲು ಉದುರಿತು. ವಾರ್ಡಿನಲ್ಲಿ ತನಗಿಂತ ಚಿಕ್ಕ ಮಕ್ಕಳು ನರಳುವುದನ್ನು ಕಂಡ. ಜೊತೆಯಲ್ಲಿದ್ದ ಕೆಲವರು ಮನೆಗೆ ಮರಳಲೇ ಇಲ್ಲ. ಗುಣವಾಯಿತೆಂದು ತಾನೊಬ್ಬ ಹೊರಗೆ ಹೋಗಿ ಇದನ್ನೆಲ್ಲ ಮರೆತುಬಿಡುವುದು ಅವನಿಂದ ಆಗಲಿಲ್ಲ. ಓಟಕ್ಕೆ ನೆರವು ಕೋರಿ 1979ರ ಅಕ್ಟೋಬರ್‌ನಲ್ಲಿ ಕೆನಡಾದ ಕ್ಯಾನ್ಸರ್ ಸೊಸೈಟಿಗೆ ಬರೆದ ಪತ್ರದಲ್ಲಿ ಅವನು ಹೇಳಿಕೊಂಡದ್ದೂ ಇದನ್ನೇ.

ಕೊನೆಯವನಾಗಿ ಬಂದರೂ...

ಆ ನಡುವೆ ರಿಕ್ ಹ್ಯಾನ್ಸೆನ್ ಕರೆದನೆಂದು ಟೆರಿ ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದ. ಮೂರು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದಲ್ಲಿದ್ದ. (ಇದೇ ಹ್ಯಾನ್ಸೆನ್ 1985ರಿಂದ 87ರವರೆಗೆ ಗಾಲಿಕುರ್ಚಿಯಲ್ಲೇ 34 ದೇಶಗಳನ್ನು ಸುತ್ತಿದ.) ಜೊತೆಜೊತೆಗೆ ಗುಟ್ಟಾಗಿ ಓಟದ ತಯಾರಿಯೂ ನಡೆದಿತ್ತು.

ಅಂದಿನ ಕೃತಕ ಕಾಲುಗಳು ನಡೆಯುವುದಕ್ಕೆಂದು ಮಾಡಿದವು, ಓಡುವುದಕ್ಕಲ್ಲ. ಕೃತಕ ಕಾಲು ಹಿಂದಿನಿಂದ ಮುಂದಕ್ಕೆ ಬರುವವರೆಗೆ ಎಡಗಾಲಿನ ಮೇಲೆ ಎರಡು ಸಲ ಕುಪ್ಪಳಿಸಬೇಕು. ಆ ಕುಂಟು ಲಯವೇ ಅವನ ಓಟದ ಗುರುತಾಯಿತು. ತೊಡೆಯ ತುದಿ ಉಜ್ಜಿ ರಕ್ತ ಬರುತ್ತಿತ್ತು. ಪಾದದಲ್ಲಿ ಬೊಬ್ಬೆ, ಬೆರಳಿನ ಉಗುರು ಕಿತ್ತು ಬರುತ್ತಿತ್ತು. ಮೊದಲ ಇಪ್ಪತ್ತು ನಿಮಿಷ ತಾಳಿಕೊಂಡರೆ ಆಮೇಲೆ ನೋವು ಹದಕ್ಕೆ ಬರುತ್ತದೆಂಬುದನ್ನು ಅವನು ಕಂಡುಕೊಂಡ.

1979ರ ಸೆಪ್ಟೆಂಬರ್‌ನಲ್ಲಿ ಪ್ರಿನ್ಸ್ ಜಾರ್ಜ್ ಎಂಬ ಊರಿನಲ್ಲಿ 27 ಕಿಲೋಮೀಟರ್ ಓಟದ ಸ್ಪರ್ಧೆ. ಟೆರಿ ಬಂದದ್ದು ಎಲ್ಲರಿಗಿಂತ ಕೊನೆಗೆ. ತನಗಿಂತ ಮುಂದಿದ್ದವನಿಗಿಂತಲೂ ಹತ್ತು ನಿಮಿಷ ತಡವಾಗಿ. ಆದರೆ ಅವನು ಗೆರೆ ದಾಟಿದಾಗ ನೆರೆದವರ ಕಣ್ಣಲ್ಲಿ ನೀರು, ಕೈಯಲ್ಲಿ ಚಪ್ಪಾಳೆ.

ಆಮೇಲೆ ತನ್ನ ನಿಜವಾದ ಯೋಜನೆಯನ್ನು ಮನೆಯಲ್ಲಿ ಬಿಚ್ಚಿಟ್ಟ. ಅಲ್ಲಿಯವರೆಗೂ ವ್ಯಾಂಕೂವರ್ ಮ್ಯಾರಥಾನ್‌ಗೆ ಸಿದ್ಧವಾಗುತ್ತಿದ್ದೇನೆಂದೇ ನಂಬಿಸಿದ್ದ! ತಾಯಿ ಬೆಟ್ಟಿ ಸಿಡಿದುಬಿದ್ದರು. ಸಾವಿನ ಬಾಯಿಂದ ಹಿಂದಕ್ಕೆ ಬಂದ ಮಗ ಹೀಗೆ ದೇಹ ದಂಡಿಸುತ್ತೇನೆಂದರೆ ಯಾವ ತಾಯಿ ಒಪ್ಪಿಯಾಳು? ತಂದೆ ರಾಲಿ ಕೇಳಿದ್ದು ಒಂದೇ ಮಾತು: ಯಾವಾಗ?

ದಿನಕ್ಕೊಂದು ಮ್ಯಾರಥಾನ್

ಫೋರ್ಡ್ ಕಂಪೆನಿ ವ್ಯಾನ್ ಕೊಟ್ಟಿತು. ಇಂಪೀರಿಯಲ್ ಆಯಿಲ್ ಇಂಧನ, ಅಡಿಡಾಸ್ ಬೂಟು ಕೊಟ್ಟವು. ಆದರೆ ತಮ್ಮ ಸರಕಿಗೆ ಪ್ರಚಾರ ಕೊಡಬೇಕೆಂದು ಕರಾರು ಹಾಕಿದ ಕಂಪೆನಿಗಳ ನೆರವನ್ನು ಟೆರಿ ತಿರಸ್ಕರಿಸಿದ. ತನ್ನ ಓಟದಿಂದ ಯಾರೂ ಲಾಭ ಮಾಡಿಕೊಳ್ಳಕೂಡದೆಂಬುದು ಅವನ ಹಟ.

ವ್ಯಾನ್ ಓಡಿಸುತ್ತ ಡಗ್ ಜೊತೆಗಿದ್ದ. ಮೊದಲ ದಿನಗಳಲ್ಲಿ ಬಿರುಗಾಳಿ, ಮಳೆ, ಹಿಮ. ಎಷ್ಟೋ ಊರುಗಳಲ್ಲಿ ಕೇಳುವವರೇ ಇರಲಿಲ್ಲ. ಪೋರ್ಟ್ ಓ ಬಾಸ್ಕ್ ಎಂಬ ಚಿಕ್ಕ ಪಟ್ಟಣ ಮಾತ್ರ ಬೇರೆಯೇ ಆಗಿತ್ತು. ಸುಮಾರು 10,000 ಜನರ ಆ ಊರು 10,000 ಡಾಲರ್‌ಗೂ ಮಿಗಿಲಾಗಿ ಕೂಡಿಸಿಕೊಟ್ಟಿತು. ತಲೆಗೆ ಒಂದು ಡಾಲರ್! ಈ ಊರಿಗೆ ಸಾಧ್ಯವಾದದ್ದು ದೇಶಕ್ಕೇಕೆ ಆಗದು? ಕೆನಡಾದ ಎರಡು ಕೋಟಿ ನಲವತ್ತು ಲಕ್ಷ ಜನರೂ ಒಂದೊಂದು ಡಾಲರ್ ಕೊಡಲಿ ಎಂಬ ಗುರಿ ಹುಟ್ಟಿದ್ದು ಹೀಗೆ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದೇನಲ್ಲ. ದಣಿವಿನಲ್ಲಿ ಟೆರಿಗೆ ಸಿಟ್ಟು ಹೆಚ್ಚು. ಒಂದೇ ವ್ಯಾನಿನಲ್ಲಿದ್ದರೂ ಗೆಳೆಯರಿಬ್ಬರು ಮಾತು ಬಿಟ್ಟ ದಿನಗಳುಂಟು. ಕೊನೆಗೆ ಹದಿನೇಳು ವರ್ಷದ ತಮ್ಮ ಡ್ಯಾರೆಲ್ ಬಂದು ಜೊತೆಗೂಡಿದ ಮೇಲೆ ವ್ಯಾನಿನಲ್ಲಿ ಮತ್ತೆ ನಗು ಕೇಳಿಸಿತು. ಕ್ವಿಬೆಕ್ ಪ್ರಾಂತದಲ್ಲಿ ಜನರ ಭಾಷೆ ಫ್ರೆಂಚ್, ಇವರದು ಇಂಗ್ಲಿಷ್. ಅಲ್ಲಿ ಹೆಚ್ಚು ಸಿಕ್ಕಿದ್ದು ಹಣಕ್ಕಿಂತ ವಾಹನಗಳ ಹಾರನ್ನು.

ಮುಂದೆ ದೃಶ್ಯ ಬದಲಾಯಿತು. ‘ಫೋರ್ ಸೀಸನ್ಸ್’ ಹೋಟೆಲುಗಳ ಒಡೆಯ ಇಸಡೋರ್ ಶಾರ್ಪ್ ಕ್ಯಾನ್ಸರ್‌ನಿಂದ ಮಗನನ್ನು ಕಳೆದುಕೊಂಡಿದ್ದವರು. ಮೈಲಿಗೆ ಎರಡು ಡಾಲರ್ ಕೊಡುವುದಾಗಿ ಸಾರಿ, ಇತರ ಉದ್ಯಮಿಗಳನ್ನೂ ಹುರಿದುಂಬಿಸಿದರು. ಜುಲೈ 11ರಂದು ಟೊರಾಂಟೊ ನಗರದ ಚೌಕದಲ್ಲಿ ಅವನಿಗಾಗಿ ನೆರೆದವರು ಸುಮಾರು 10,000 ಮಂದಿ. ಅಂದೊಂದೇ ದಿನ ಒಂದು ಲಕ್ಷ ಡಾಲರ್ ಕೂಡಿಬಂತು. ಇನ್ನೊಂದೆಡೆ ಇದೇ ಕಾಯಿಲೆಗೆ ಕಾಲು ಕೊಟ್ಟ ಹತ್ತು ವರ್ಷದ ಹುಡುಗನೊಬ್ಬ ಸೈಕಲ್ ತುಳಿಯುತ್ತ ಟೆರಿಯ ಹಿಂದೆ ಬಂದ.

ಥಂಡರ್ ಬೇ

ಸೆಪ್ಟೆಂಬರ್ 1. ಓಟದ 143ನೇ ದಿನ. ಥಂಡರ್ ಬೇ ನಗರದ ಹೊರವಲಯ. ಬೆಳಗಿನಿಂದ ಕೆಮ್ಮು, ಎದೆಯಲ್ಲಿ ನೋವು. ರಸ್ತೆಯ ಪಕ್ಕದ ಜನ ಹುರಿದುಂಬಿಸುತ್ತಲೇ ಇದ್ದರು. ಅವರೆದುರು ನಿಲ್ಲಲಾಗದೆ ಮತ್ತಷ್ಟು ದೂರ ಓಡಿದ. ಕೊನೆಗೆ ವ್ಯಾನ್ ಹತ್ತಿ, ಆಸ್ಪತ್ರೆಗೆ ಕರೆದುಕೊಂಡು ಹೋಗೆಂದು ಡಗ್‌ಗೆ ಹೇಳಿದ.

ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಅಲ್ಲಿಗೆ ಅವನು ಓಡಿದ್ದು 5,373 ಕಿಲೋಮೀಟರ್. ಕೂಡಿದ್ದು 17 ಲಕ್ಷ ಡಾಲರ್. ಉಳಿದ ದೂರವನ್ನು ತಾವು ಓಡುತ್ತೇವೆಂದು ಮುಂದೆ ಬಂದವರಿಗೆ ಟೆರಿ ಬೇಡವೆಂದ. ಗುಣವಾದರೆ ತಾನೇ ಬಂದು ಮುಗಿಸುವುದು ಅವನ ಆಸೆ.

ಕೆಲವೇ ದಿನಗಳಲ್ಲಿ ಸಿಟಿವಿ ದೂರದರ್ಶನ ಜಾಲ ಐದು ಗಂಟೆಗಳ ನೇರ ಕಾರ್ಯಕ್ರಮ ನಡೆಸಿತು. ಒಂದು ಕೋಟಿ ಐದು ಲಕ್ಷ ಡಾಲರ್ ಹರಿದುಬಂತು. ಟೆರಿ ಫಾಕ್ಸ್ ಪ್ರತಿಷ್ಠಾನದ ದಾಖಲೆಯಂತೆ 1981ರ ಫೆಬ್ರುವರಿ ಹೊತ್ತಿಗೆ ಮೊತ್ತ 2 ಕೋಟಿ 41 ಲಕ್ಷ ಡಾಲರ್ ದಾಟಿತ್ತು. ತಲೆಗೊಂದು ಡಾಲರಿನ ಲೆಕ್ಕ ತಾಳೆಯಾಯಿತು, ಟೆರಿಯ ಕಣ್ಣೆದುರೇ.

1981ರ ಜೂನ್ 28ರಂದು ಟೆರಿ ತೀರಿಕೊಂಡ. ಇಪ್ಪತ್ತಮೂರು ತುಂಬಲು ಇನ್ನೂ ಒಂದು ತಿಂಗಳಿತ್ತು. ಅಟ್ಲಾಂಟಿಕ್‌ನ ನೀರನ್ನು ಪೆಸಿಫಿಕ್‌ಗೆ ಸುರಿಯುವ ಭಾಗ್ಯ ಅವನಿಗೆ ಬರಲಿಲ್ಲ.

ನಿಂತದ್ದು ಅವನ ಓಟ ಮಾತ್ರ

ಆ ವರ್ಷದ ಸೆಪ್ಟೆಂಬರ್‌ನಲ್ಲೇ ಶಾರ್ಪ್ ಅವರ ಒತ್ತಾಸೆಯಿಂದ ಮೊದಲ ಟೆರಿ ಫಾಕ್ಸ್ ಓಟ ನಡೆಯಿತು. ಮೂರು ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡು 35 ಲಕ್ಷ ಡಾಲರ್ ಕೂಡಿಸಿದರು. ಇಲ್ಲಿ ಗೆದ್ದವರಿಲ್ಲ, ಸೋತವರಿಲ್ಲ, ಬಹುಮಾನವೂ ಇಲ್ಲ. ಓಡಬಹುದು, ನಡೆಯಬಹುದು, ಗಾಲಿಕುರ್ಚಿಯಲ್ಲಿ ಬರಬಹುದು. ಅನೇಕ ದೇಶಗಳಿಗೆ ಹಬ್ಬಿದ ಈ ಓಟ ನಮ್ಮ ಚೆನ್ನೈನಲ್ಲೂ ನಡೆದಿದೆ. ಟೆರಿಯ ಹೆಸರಿನಲ್ಲಿ ಕೂಡಿದ ಮೊತ್ತ ಈವರೆಗೆ 85 ಕೋಟಿ ಕೆನಡಾ ಡಾಲರ್‌ಗೂ ಹೆಚ್ಚು. ಮೊದಲು ಬೇಡವೆಂದಿದ್ದ ತಾಯಿ ಬೆಟ್ಟಿಯೇ 2011ರಲ್ಲಿ ತೀರಿಕೊಳ್ಳುವವರೆಗೂ ಮಗನ ಕೆಲಸವನ್ನು ಹೊತ್ತು ನಡೆಸಿದರು. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ಅವನ ಕಥೆ ಹೇಳಿದರು. ಒಂದು ಡಾಲರ್ ಬೇಡಿದವನ ಚಿತ್ರವನ್ನು ಕೆನಡಾ 2005ರಲ್ಲಿ ಒಂದು ಡಾಲರ್ ನಾಣ್ಯದ ಮೇಲೇ ಅಚ್ಚುಹಾಕಿತು.

ಟೆರಿಯನ್ನು ಮೆಚ್ಚುವಾಗ ಒಂದು ಮಾತು ಮರೆಯಬಾರದು. ಓಟದ ದಿನಗಳಲ್ಲಿ ಅವನು ವೈದ್ಯರ ತಪಾಸಣೆಯನ್ನು ತಪ್ಪಿಸಿಕೊಳ್ಳುತ್ತಿದ್ದ. ಅದು ಅನುಕರಿಸಬೇಕಾದ ಗುಣವಲ್ಲ. ಅನುಕರಿಸಬೇಕಾದದ್ದು ಬೇರೆ: ತನಗೆ ದಕ್ಕಿದ ಆಯುಷ್ಯ ಇನ್ನೊಬ್ಬರ ಶ್ರಮದ ಫಲವೆಂದು ತಿಳಿದು, ಆ ಸಾಲವನ್ನು ಕಂಡರಿಯದ ಮಕ್ಕಳಿಗೆ ತೀರಿಸಹೊರಟ ಬುದ್ಧಿ.

ಪೋಷಕರ ಗಮನಕ್ಕೆ

* ಆಸ್ಟಿಯೋಸಾರ್ಕೋಮ ಅಪರೂಪದ ಕಾಯಿಲೆ. ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಕ್ಕಳು ಭರದಿಂದ ಬೆಳೆಯುವ ಹದಿಹರೆಯದಲ್ಲಿ, ಅದೂ ಮೊಣಕಾಲಿನ ಆಸುಪಾಸಿನಲ್ಲಿ.

* ಆಟದಲ್ಲಾದ ನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ವಾರಗಟ್ಟಲೆ ಉಳಿಯುವ, ರಾತ್ರಿ ಹೆಚ್ಚುವ, ಊತದೊಡನೆ ಬರುವ ನೋವನ್ನು ವೈದ್ಯರಿಗೆ ತೋರಿಸಬೇಕು. ಎಣ್ಣೆ ತಿಕ್ಕಿಸಿ, ಪಟ್ಟು ಹಾಕಿಸಿ ಕಾಲ ಕಳೆಯಬಾರದು.

* ಹರಡುವ ಮೊದಲೇ ಪತ್ತೆಯಾಗಿ ಪೂರ್ಣ ಚಿಕಿತ್ಸೆ ಪಡೆದವರಲ್ಲಿ ಹತ್ತಕ್ಕೆ ಆರೇಳು ಮಂದಿ ಇಂದು ಬದುಕುಳಿಯುತ್ತಾರೆ. ಕಾಲು ಕತ್ತರಿಸದೆ, ಕೆಟ್ಟ ಮೂಳೆಯನ್ನಷ್ಟೇ ತೆಗೆದು ಅಲ್ಲಿ ಲೋಹದ ಮೂಳೆ ಕೂಡಿಸುವ ಶಸ್ತ್ರಚಿಕಿತ್ಸೆ ಬಹುಪಾಲು ರೋಗಿಗಳಿಗೆ ಸಾಧ್ಯವಾಗಿದೆ.

* ಶ್ವಾಸಕೋಶಕ್ಕೆ ಹರಡಿದ ಮೇಲೆ ಗುಣಪಡಿಸುವುದು ಈಗಲೂ ಕಷ್ಟ. ಟೆರಿ ಓಡಿದ ಕಾರಣ ಇನ್ನೂ ಮುಗಿದಿಲ್ಲ.